ಹೊಸ ಒಡಂಬಡಿಕೆ ಕೈಯಲ್ಲಿರುವಾಗ ಹಳೆಯದನ್ನು ಯಾಕೆ ಓದಬೇಕು?

ನೀವು ಕೇಳಿರುವುದರಲ್ಲಿ ಎರಡು ಪ್ರಶ್ನೆಗಳಿವೆ. ಯೇಸುವನ್ನು ನಂಬಿದವರಿಗೆ ಸತ್ಯವೇದದ (ಬೈಬಲಿನ) ಹೊಸ ಒಡಂಬಡಿಕೆ ಸಾಲದೇ, ಯೆಹೂದ್ಯರ ಹಳೆಯ ಗ್ರಂಥಗಳು ಯಾಕೆ ಬೇಕು ಎನ್ನುವುದು ಒಂದು. ಪ್ರತಿ ಜನವರಿಯಲ್ಲಿ ಮೊದಲ ಪುಸ್ತಕವಾದ ಆದಿಕಾಂಡದಿಂದ ಶುರು ಮಾಡಿದ ಓದು ಮೂರನೆಯದಾದ ಯಾಜಕಕಾಂಡಕ್ಕೆ ಬರುವಷ್ಟರಲ್ಲಿ ನಿಂತುಹೋಗುತ್ತದೆ, ಏನು ಮಾಡಲಿ ಎನ್ನುವುದು ಇನ್ನೊಂದು. ಎರಡಕ್ಕೂ ಉತ್ತರಿಸುತ್ತೇನೆ. ಮೊದಲನೆಯದು ಸ್ವಲ್ಪ ಉದ್ದವಾಗುತ್ತದೆ.

ಹೊಸ ಒಡಂಬಡಿಕೆಯನ್ನು ಬರೆದವರು, ಓದುವವರಿಗೆ ಹಳೆಯದು ಗೊತ್ತೇ ಇರುತ್ತದೆ ಎಂದುಕೊಂಡು ಬರೆದರು. ಪೌಲನು ತಿಮೊಥೆಯನಿಗೆ 'ಚಿಕ್ಕಂದಿನಿಂದಲೂ ನಿನಗೆ ಪವಿತ್ರ ಗ್ರಂಥಗಳು ತಿಳಿದಿವೆ' ಎಂದು ಬರೆದಾಗ (2 ತಿಮೊಥೆಯ 3:15) ಹೊಸ ಒಡಂಬಡಿಕೆ ಎಂಬ ಪುಸ್ತಕವೇ ಇರಲಿಲ್ಲ. ಅಲ್ಲಿ ಹೇಳಿದ್ದು ಮೋಶೆ, ಪ್ರವಾದಿಗಳು, ಕೀರ್ತನೆಗಳ ಬಗ್ಗೆ. ಅಡವಿಯಲ್ಲಿ ಸೈತಾನನು ಮೂರು ಸಲ ಪರೀಕ್ಷಿಸಿದಾಗ ಯೇಸು ಕೊಟ್ಟ ಮೂರು ಉತ್ತರಗಳೂ ಒಂದೇ ಪುಸ್ತಕದವು: ಧರ್ಮೋಪದೇಶಕಾಂಡ 8:3, 6:16, 6:13. ಅತಿ ದೊಡ್ಡ ಆಜ್ಞೆ ಯಾವುದು ಎಂದು ಕೇಳಿದವರಿಗೆ ಕೊಟ್ಟ ಉತ್ತರದ ಅರ್ಧ ಧರ್ಮೋಪದೇಶಕಾಂಡ 6:5ರದ್ದು, ಇನ್ನರ್ಧ ಯಾಜಕಕಾಂಡ 19:18ರದ್ದು. 'ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು' ಎನ್ನುವುದು ಹೊಸ ಒಡಂಬಡಿಕೆಯಲ್ಲೇ ಹುಟ್ಟಿದ ಮಾತು ಎಂದುಕೊಂಡವರು ನಮ್ಮ ಸಭೆಗಳಲ್ಲಿ ಬಹಳ ಮಂದಿ ಇದ್ದಾರೆ. ನೀವು ಓದಲಾಗದೆ ಬಿಟ್ಟ ಯಾಜಕಕಾಂಡದಲ್ಲೇ ಅದು ಇದೆ. ಅಷ್ಟೇ ಏಕೆ, 'ಹೊಸ ಒಡಂಬಡಿಕೆ' ಎಂಬ ಹೆಸರೇ ಯೆರೆಮೀಯ 31:31-34ರಿಂದ ಬಂದದ್ದು. ಇಬ್ರಿಯರಿಗೆ ಬರೆದ ಪತ್ರ 8:8-12ರಲ್ಲಿ ಆ ಭಾಗ ಪೂರ್ತಿಯಾಗಿ ಬರುತ್ತದೆ. ಹೊಸ ಒಡಂಬಡಿಕೆಯಲ್ಲಿ ಹಳೆಯದರಿಂದ ಎತ್ತಿಕೊಂಡ ಅತಿ ಉದ್ದದ ಭಾಗವೂ ಅದೇ.

ಎತ್ತಿ ಹೇಳಿದ ವಚನಗಳನ್ನು ರೆಫರೆನ್ಸ್ ಇರುವ ಯಾವ ಸತ್ಯವೇದದಲ್ಲಾದರೂ ಹುಡುಕಬಹುದು. ಹೇಳದೆ ಬಿಟ್ಟದ್ದನ್ನು ಹುಡುಕುವುದು ಕಷ್ಟ, ಮತ್ತು ಹಳೆಯದನ್ನು ಓದದವರು ಹೆಚ್ಚು ಕಳೆದುಕೊಳ್ಳುವುದು ಅಲ್ಲೇ. ಯೋಹಾನ 19ನ್ನು ತೆಗೆದುಕೊಳ್ಳಿ. ಶಿಲುಬೆಯ ಮೇಲಿದ್ದ ಯೇಸುವಿಗೆ ಹುಳಿರಸ ತುಂಬಿದ ಸ್ಪಂಜನ್ನು ಹಿಸ್ಸೋಪ್ ಗಿಡದ ಕೋಲಿಗೆ ಸಿಕ್ಕಿಸಿ ಬಾಯಿಗೆ ಮುಟ್ಟಿಸಿದರು ಎಂದು ಯೋಹಾನನು ಬರೆಯುತ್ತಾನೆ. ಮಾರ್ಕ 15:36ರಲ್ಲಿ ಇದೇ ಘಟನೆಗೆ ಬರುವುದು ಬೆತ್ತದಂಥ ಕೋಲು. ಹಿಸ್ಸೋಪ್ ಪೊದೆಯಾಗಿ ಬೆಳೆಯುವ ಸಣ್ಣ ಗಿಡ, ಒದ್ದೆ ಸ್ಪಂಜನ್ನು ಎತ್ತಿ ಹಿಡಿಯಲು ಯಾರೂ ಅದನ್ನು ಆರಿಸಿಕೊಳ್ಳುವುದಿಲ್ಲ. ಹಾಗಾದರೆ ಯೋಹಾನನು ಗಿಡದ ಹೆಸರನ್ನೇ ಯಾಕೆ ಹೇಳಿದ?

ವಿಮೋಚನಕಾಂಡ 12 ತೆರೆಯಿರಿ. ಇಸ್ರಾಯೇಲ್ಯರು ಐಗುಪ್ತದಿಂದ ಹೊರಟ ರಾತ್ರಿಯ ಪಸ್ಕಹಬ್ಬದ ವಿಧಿ ಅಲ್ಲಿದೆ. ಮೊದಲನೆಯ ತಿಂಗಳ 10ನೇ ದಿನ ಪ್ರತಿ ಮನೆಯವರು ಕುರಿಯಿಂದಾಗಲಿ ಮೇಕೆಯಿಂದಾಗಲಿ ಒಂದು ವರ್ಷದ, ದೋಷವಿಲ್ಲದ ಗಂಡು ಮರಿಯನ್ನು ಆರಿಸಬೇಕು. 14ನೇ ದಿನದವರೆಗೆ ಇಟ್ಟುಕೊಂಡು ಸಂಜೆ ಕೊಯ್ಯಬೇಕು. ರಕ್ತವನ್ನು ಬಟ್ಟಲಲ್ಲಿ ಹಿಡಿದು, ಹಿಸ್ಸೋಪ್ ಗಿಡದ ಕಟ್ಟನ್ನು ಅದರಲ್ಲಿ ಅದ್ದಿ, ಬಾಗಿಲಿನ ಎರಡು ನಿಲುವುಗಳಿಗೂ ಮೇಲಿನ ಪಟ್ಟಿಗೂ ಹಚ್ಚಬೇಕು (12:22). ಮಾಂಸವನ್ನು ಬೇಯಿಸದೆ ಸುಟ್ಟು, ಹುಳಿಯಿಲ್ಲದ ರೊಟ್ಟಿ ಮತ್ತು ಕಹಿ ಸೊಪ್ಪಿನ ಜೊತೆ ಆ ರಾತ್ರಿಯೇ ತಿನ್ನಬೇಕು. ಬೆಳಗಿನವರೆಗೆ ಉಳಿಸಬಾರದು. ಒಂದು ಎಲುಬನ್ನೂ ಮುರಿಯಬಾರದು (12:46). ಈಗ ಯೋಹಾನನ ಕಡೆ ತಿರುಗಿ. ಪಸ್ಕದ ಸಿದ್ಧತೆಯ ದಿನ ಎನ್ನುವುದನ್ನು 19:14ರಲ್ಲಿ ಹೇಳಿದ್ದಾನೆ. 29ರಲ್ಲಿ ಹಿಸ್ಸೋಪ್ ಬಂತು. 32-33ರಲ್ಲಿ ಸಿಪಾಯಿಗಳು ಪಕ್ಕದ ಇಬ್ಬರ ಕಾಲು ಮುರಿದು ಯೇಸುವಿನ ಕಾಲು ಮುರಿಯದೆ ಬಿಟ್ಟರು. 36ರಲ್ಲಿ ಮಾತ್ರ ಬಾಯಿಬಿಟ್ಟು 'ಶಾಸ್ತ್ರದ ಮಾತು ನೆರವೇರಿತು' ಎನ್ನುತ್ತಾನೆ. ಅಷ್ಟರಲ್ಲಿ ಪಸ್ಕ ಗೊತ್ತಿದ್ದ ಓದುಗನಿಗೆ ಮೂರು ಸಲ ಸುಳಿವು ಸಿಕ್ಕಾಗಿರುತ್ತದೆ. ಗೊತ್ತಿಲ್ಲದವನು ಹಿಸ್ಸೋಪನ್ನು ಯಾವುದೋ ಗಿಡ ಎಂದು ದಾಟಿಹೋಗುತ್ತಾನೆ.

ಕೀರ್ತನೆ 22 ಕೂಡ ಹಾಗೆಯೇ. 'ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ' ಎಂದು ಯೇಸು ಶಿಲುಬೆಯ ಮೇಲೆ ಕೂಗಿದ್ದು ಅದರ ಮೊದಲ ಸಾಲು. ತಲೆ ಆಡಿಸಿ ಅಣಕಿಸುವವರು 7ನೇ ವಚನದಲ್ಲಿ, 'ದೇವರೇ ಬಿಡಿಸಲಿ' ಎಂಬ ಕುಹಕ 8ರಲ್ಲಿ, ಬಟ್ಟೆಗಾಗಿ ಚೀಟು ಹಾಕುವುದು 18ರಲ್ಲಿ. ಸುವಾರ್ತೆಗಳ ಶಿಲುಬೆಯ ದೃಶ್ಯ ಈ ಕೀರ್ತನೆಯ ಭಾಷೆಯಲ್ಲೇ ಹೆಣೆದಿದೆ. ಆದರೆ 22ನೇ ವಚನಕ್ಕೆ ಬಂದಾಗ ಗೋಳು ಸ್ತುತಿಯಾಗಿ ತಿರುಗುತ್ತದೆ, ಇಬ್ರಿಯ 2:12 ಎತ್ತಿಕೊಳ್ಳುವುದು ಆ ತಿರುವನ್ನೇ. ಮೊದಲ ಸಾಲೊಂದನ್ನೇ ಹಿಡಿದು 'ದೇವರು ಯೇಸುವನ್ನು ಸಂಪೂರ್ಣ ಕೈಬಿಟ್ಟನು' ಎಂದು ಗಂಟೆಗಟ್ಟಲೆ ಬೋಧಿಸುವವರು 31 ವಚನಗಳನ್ನೂ ಓದಿ ಆಮೇಲೆ ಬೋಧಿಸಲಿ ಎಂಬುದು ನನ್ನ ಅಭಿಪ್ರಾಯ. ಹಾಗೆಂದು ಕೂಗಿನ ನೋವನ್ನು ಕೊನೆಯ ಸ್ತುತಿಯಿಂದ ಒರೆಸಿಹಾಕುವುದೂ ತಪ್ಪೇ.

ಇಬ್ರಿಯರಿಗೆ ಬರೆದ ಪತ್ರವನ್ನಂತೂ ಯಾಜಕಕಾಂಡ 16 ಇಲ್ಲದೆ ಓದಲು ಹೋಗಬೇಡಿ. ವರ್ಷಕ್ಕೊಂದೇ ದಿನ, ಏಳನೆಯ ತಿಂಗಳ 10ರಂದು, ಮಹಾಯಾಜಕನು ನಾರುಬಟ್ಟೆ ತೊಟ್ಟು, ಮೊದಲು ತನ್ನ ಪಾಪಕ್ಕಾಗಿ ಒಂದು ಹೋರಿ, ಆಮೇಲೆ ಜನರಿಗಾಗಿ ಚೀಟು ಹಾಕಿ ಆರಿಸಿದ ಒಂದು ಹೋತ ಅರ್ಪಿಸಿ, ಆರಾಧನೆಯ ಗುಡಾರದ ಒಳಗಿನ ಪರದೆ ದಾಟುತ್ತಾನೆ. ಇನ್ನೊಂದು ಹೋತದ ತಲೆಯ ಮೇಲೆ ಕೈಯಿಟ್ಟು ಜನರ ಪಾಪಗಳನ್ನು ಅರಿಕೆ ಮಾಡಿ ಅದನ್ನು ಅಡವಿಗೆ ಅಟ್ಟುತ್ತಾರೆ. ಬಲಿಯಾದ ಪಶುಗಳ ಉಳಿದ ದೇಹವನ್ನು ಪಾಳೆಯದ ಹೊರಗೆ ಸುಡುತ್ತಾರೆ. ಇದಿಷ್ಟು ತಲೆಯಲ್ಲಿದ್ದರೆ ಇಬ್ರಿಯ 9ರ 'ಒಂದೇ ಸಾರಿ', 13:12ರ 'ಊರ ಬಾಗಿಲಿನ ಹೊರಗೆ' ಎಂಬ ಮಾತುಗಳ ಭಾರ ತಿಳಿಯುತ್ತದೆ. ಪ್ರಕಟನೆ ಗ್ರಂಥವಂತೂ ಒಂದು ವಚನವನ್ನೂ 'ಹೀಗೆ ಬರೆದಿದೆ' ಎಂದು ಎತ್ತಿ ಹೇಳುವುದಿಲ್ಲ, ಆದರೆ ಅದರ 404 ವಚನಗಳಲ್ಲಿ ದಾನಿಯೇಲ, ಯೆಹೆಜ್ಕೇಲ, ಯೆಶಾಯ, ಜೆಕರ್ಯರ ನೆರಳು ನೂರಾರು ಕಡೆ ಇದೆ. ಮೃಗ, ಕೊಂಬು, ಮುದ್ರೆಗಳನ್ನು ಇಂದಿನ ಪತ್ರಿಕೆಗಳ ಸುದ್ದಿಗೆ ಹೊಂದಿಸುವ ವಿಡಿಯೋಗಳು ಹುಟ್ಟುವುದು ದಾನಿಯೇಲ 7ನ್ನು ಓದದೇ ಇದ್ದುದರಿಂದ.

ಹಳೆಯದನ್ನು ಬಿಟ್ಟರೆ ಏನಾಗುತ್ತದೆ ಎಂಬುದನ್ನು ಊಹಿಸಬೇಕಾಗಿಲ್ಲ, ಎರಡು ಸಲ ಮಾಡಿ ನೋಡಿದ್ದಾರೆ. ಕಪ್ಪು ಸಮುದ್ರದ ಸಿನೋಪೆ ಊರಿನ ಮಾರ್ಸಿಯನ್, ಹಳೆಯ ಗ್ರಂಥದ ದೇವರೇ ಬೇರೆ, ಯೇಸುವಿನ ತಂದೆಯೇ ಬೇರೆ ಎಂದು ಬೋಧಿಸಿದ. ಕ್ರಿ.ಶ. 144ರ ಸುಮಾರಿಗೆ ರೋಮಿನ ಸಭೆ ಅವನನ್ನು ಹೊರಹಾಕಿತು. ಅವನ ಕೈಯಲ್ಲಿ ಉಳಿದ ಸತ್ಯವೇದ ಎಷ್ಟು ಗೊತ್ತೇ? ಲೂಕನ ಸುವಾರ್ತೆ ಮತ್ತು ಪೌಲನ ಹತ್ತು ಪತ್ರಗಳು, ಅವೂ ಕತ್ತರಿಸಿದ ರೂಪದಲ್ಲಿ. ಯೇಸುವಿನ ಜನನದ ಮೊದಲೆರಡು ಅಧ್ಯಾಯಗಳೂ ಹೋದವು. ಹಳೆಯದನ್ನು ಕಿತ್ತರೆ ಹೊಸದರಲ್ಲೂ ಕಿತ್ತುಕೊಂಡು ಬರುವುದು ಎಷ್ಟೆಂದು ಇದರಿಂದ ಗೊತ್ತಾಗುತ್ತದೆ.

ಎರಡನೆಯದು ಇನ್ನೂ ಕರಾಳ. 1933ರ ನವೆಂಬರ್ 13ರಂದು ಬರ್ಲಿನ್‌ನ ಕ್ರೀಡಾ ಭವನದಲ್ಲಿ ನಾಜಿ ಪರ 'ಜರ್ಮನ್ ಕ್ರೈಸ್ತರ' ಸಭೆಯಲ್ಲಿ ರೈನ್‌ಹೋಲ್ಡ್ ಕ್ರೌಸೆ ಎಂಬ ಮುಖಂಡ, ಹಳೆಯ ಒಡಂಬಡಿಕೆಯನ್ನು ಚರ್ಚಿನಿಂದ ತೆಗೆಯಬೇಕು ಎಂದು ಭಾಷಣ ಮಾಡಿದ. 1939ರಲ್ಲಿ ಐಸೆನಾಖ್‌ನಲ್ಲಿ ಜರ್ಮನ್ ಚರ್ಚಿನ ಬದುಕಿನಿಂದ ಯೆಹೂದ್ಯ ಪ್ರಭಾವ ಅಳಿಸಲೆಂದೇ ಒಂದು ಸಂಸ್ಥೆ ತೆರೆದರು. ಮರುವರ್ಷ ಆ ಸಂಸ್ಥೆ ಯೆಹೂದ್ಯ ಗುರುತುಗಳನ್ನು ಕತ್ತರಿಸಿದ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿತು. ಯೇಸು ಯೆಹೂದ್ಯನಾಗಿ ಹುಟ್ಟಿ, ಎಂಟನೆಯ ದಿನ ಸುನ್ನತಿಯಾಗಿ, ಸಬ್ಬತ್ ದಿನ ಸಭಾಮಂದಿರಕ್ಕೆ ಹೋಗುತ್ತಿದ್ದವನು ಎಂಬುದನ್ನು ಮರೆತ ಕ್ರೈಸ್ತತ್ವ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಪೌಲನು ರೋಮಾಪುರದವರಿಗೆ ಬರೆದ ಪತ್ರ 11:18ರಲ್ಲಿ ಅನ್ಯಜನರಿಗೆ ಮೊದಲೇ ಎಚ್ಚರಿಸಿದ್ದ: ಬೇರನ್ನು ಹೊತ್ತವರು ನೀವಲ್ಲ, ಬೇರೇ ನಿಮ್ಮನ್ನು ಹೊತ್ತಿದೆ.

'ಹಳೆಯದರ ದೇವರು ಕೋಪದವನು, ಹೊಸದರ ದೇವರು ಪ್ರೀತಿಯವನು' ಎನ್ನುವ ಮಾತು ಮಾರ್ಸಿಯನ್‌ನ ಎಂಜಲು. ವಿಮೋಚನಕಾಂಡ 34:6ರಲ್ಲಿ ದೇವರು ತನ್ನನ್ನು ಕನಿಕರ, ದಯೆ, ದೀರ್ಘಶಾಂತಿ ಉಳ್ಳವನೆಂದು ಪರಿಚಯಿಸಿಕೊಳ್ಳುತ್ತಾನೆ. ಅದೇ ಮಾತು ಕೀರ್ತನೆ 103:8, ಯೋವೇಲ 2:13ರಲ್ಲಿ ಮತ್ತೆ ಬರುತ್ತದೆ. ಯೋನ 4:2ರಲ್ಲಿ ಬರುವುದು ದೂರಾಗಿ: ನೀನು ಹೀಗೆ ಕ್ಷಮಿಸಿಬಿಡುತ್ತೀ ಎಂದು ಗೊತ್ತಿದ್ದೇ ನಾನು ಓಡಿಹೋದೆ ಎಂದು ಪ್ರವಾದಿ ಮುನಿಸಿಕೊಳ್ಳುತ್ತಾನೆ. ಇನ್ನು ನರಕದ ಬೆಂಕಿಯ ಮಾತು ಹೆಚ್ಚು ಬರುವುದು ಸುವಾರ್ತೆಗಳಲ್ಲಿ, ಅದೂ ಯೇಸುವಿನ ಬಾಯಲ್ಲಿ.

ಆದರೂ ಯೆಹೋಶುವನ ಪುಸ್ತಕದಲ್ಲಿ ಕಾನಾನ್ ನಾಡನ್ನು ಗೆಲ್ಲುವಾಗಿನ ಕೊಲೆಗಳು ಇವೆಯಲ್ಲ ಎನ್ನುತ್ತೀರಿ. ಇವೆ, ಮತ್ತು ಅದಕ್ಕೆ ಸುಲಭ ಉತ್ತರ ಕೊಡುವವರನ್ನು ನಂಬಬೇಡಿ. ತಿಳಿದಿರಬೇಕಾದ ಸಂಗತಿಗಳು ಮಾತ್ರ ಎರಡಿವೆ. ಯೆಹೋಶುವ 10:40 ಆ ಪ್ರಾಂತ್ಯದಲ್ಲಿ ಉಸಿರಾಡುವ ಒಂದನ್ನೂ ಉಳಿಸಲಿಲ್ಲ ಎನ್ನುತ್ತದೆ. ನ್ಯಾಯಸ್ಥಾಪಕರು 1ನೇ ಅಧ್ಯಾಯವೋ, ಇಸ್ರಾಯೇಲ್ಯರು ಹೊರಡಿಸಲಾರದೆ ಹೋದ ಕಾನಾನ್ಯರ ಉದ್ದನೆಯ ಪಟ್ಟಿ ಕೊಡುತ್ತದೆ. ಎರಡನೆಯದು, ಇಂಥ ಮಾತು ಆ ಕಾಲದ ಯುದ್ಧವರದಿಯ ರೂಢಿ. 1868ರಲ್ಲಿ ಈಗಿನ ಜೋರ್ಡಾನ್‌ನ ಧಿಬಾನ್‌ನಲ್ಲಿ ಸಿಕ್ಕು ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿರುವ ಶಾಸನದಲ್ಲಿ, ಮೋವಾಬಿನ ಅರಸ ಮೇಷ ಕ್ರಿ.ಪೂ. 9ನೇ ಶತಮಾನದಲ್ಲಿ 'ಇಸ್ರಾಯೇಲ್ ಶಾಶ್ವತವಾಗಿ ನಾಶವಾಯಿತು' ಎಂದು ಕೊಚ್ಚಿಕೊಂಡಿದ್ದಾನೆ. ಇಸ್ರಾಯೇಲ್ ರಾಜ್ಯ ಅದಾದ ಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಇತ್ತು. ಇಷ್ಟು ತಿಳಿದರೂ ನೈತಿಕ ಪ್ರಶ್ನೆ ತೀರುವುದಿಲ್ಲ. ಓದುವಾಗ ಅದು ಚುಚ್ಚಲಿ.

ಹಳೆಯದನ್ನು ಓದದಿದ್ದರೆ ಆಗುವ ನಷ್ಟಕ್ಕಿಂತ ಅರೆಬರೆ ಓದಿದರೆ ಆಗುವ ನಷ್ಟ ದೊಡ್ಡದು. ದಶಮಾಂಶವನ್ನೇ ನೋಡಿ. ಮಲಾಕಿಯ 3:10 ಒಂದನ್ನೇ ಓದಿ 'ಸಂಬಳದ ಹತ್ತರಲ್ಲೊಂದು ಪಾಲು ಸಭೆಗೆ ತರದಿದ್ದರೆ ಶಾಪ, ತಂದರೆ ಆಶೀರ್ವಾದದ ಮಳೆ' ಎನ್ನುವ ಬೋಧನೆ ಎಲ್ಲ ಕಡೆ ಕೇಳುತ್ತೇವೆ. ಮೋಶೆಯ ನಿಯಮದಲ್ಲಿ ದಶಮಾಂಶವೆಂದರೆ ಧಾನ್ಯ, ದ್ರಾಕ್ಷಾರಸ, ಎಣ್ಣೆ, ದನಕುರಿ. ಅರಣ್ಯಕಾಂಡ 18:21-24ರ ಪ್ರಕಾರ ಅದು ಉಳಿದ ಕುಲಗಳಂತೆ ನಾಡಿನಲ್ಲಿ ಪಾಲು ಸಿಗದ, ಗುಡಾರದ ಸೇವೆ ಮಾಡುವ ಲೇವಿಯರಿಗೆ. ಧರ್ಮೋಪದೇಶಕಾಂಡ 14:22-29ಕ್ಕೆ ಬಂದರೆ, ಅದನ್ನು ದೇವರು ಆರಿಸಿದ ಸ್ಥಳಕ್ಕೆ ಒಯ್ದು ಮನೆಮಂದಿಯೆಲ್ಲ ಕೂತು ಊಟ ಮಾಡಬೇಕು, ದಾರಿ ದೂರವಾದರೆ ಮಾರಿ ಹಣ ಒಯ್ದು ಅಲ್ಲಿ ಬೇಕಾದ್ದು ಕೊಳ್ಳಬೇಕು, ಮೂರು ವರ್ಷಕ್ಕೊಮ್ಮೆ ಊರಲ್ಲೇ ಕೂಡಿಟ್ಟು ಲೇವಿಯರಿಗೆ, ಪರದೇಶಿಗಳಿಗೆ, ಅನಾಥರಿಗೆ, ವಿಧವೆಯರಿಗೆ ಕೊಡಬೇಕು. ಮಲಾಕಿಯ ಹೇಳುವ 'ಭಂಡಾರ' ದೇವಾಲಯದ ಕಣಜ. ಅದು ಬರಿದಾದರೆ ಏನಾಗುತ್ತಿತ್ತು ಎನ್ನುವುದಕ್ಕೆ ನೆಹೆಮೀಯ 13:10 ನೋಡಿ: ಪಾಲು ಸಿಗದ ಲೇವಿಯರು ಸೇವೆ ಬಿಟ್ಟು ತಮ್ಮ ತಮ್ಮ ಹೊಲಗಳಿಗೆ ಹೋಗಿಬಿಟ್ಟಿದ್ದರು. ನಿಮ್ಮ ಸಭೆಗೆ ಕೊಡುವುದು ಬಿಡುವುದು ನಿಮ್ಮ ಇಷ್ಟ. ವಿಧವೆಗೂ ಅನಾಥನಿಗೂ ಪಾಲಿಲ್ಲದ ದಶಮಾಂಶ ಮಾತ್ರ ಮೋಶೆಯದ್ದಲ್ಲ.

ವಾಟ್ಸಾಪ್ ಸ್ಟೇಟಸ್‌ನಲ್ಲಿ ದಿನವೂ ಕಾಣುವ ಯೆರೆಮೀಯ 29:11ರ ಗತಿಯೂ ಇದೇ. ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರದ ಸಾಲು. ಹಿಂದಿನ ವಚನದಲ್ಲಿ 70 ವರ್ಷ ಕಾಯಬೇಕು ಎಂದಿದೆ, ಅಂದರೆ ಪತ್ರ ಕೇಳಿಸಿಕೊಂಡವರಲ್ಲಿ ಹೆಚ್ಚಿನವರು ಊರಿಗೆ ಮರಳುವುದಿಲ್ಲ. 5ರಿಂದ 7ರವರೆಗೆ, ಶತ್ರುವಿನ ಆ ಊರಿನಲ್ಲೇ ಮನೆ ಕಟ್ಟಿ, ತೋಟ ಹಾಕಿ, ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದಿದೆ. ಹುಟ್ಟಿದೂರು ಬಿಟ್ಟು ದುಬೈಯಲ್ಲೋ ಬೆಂಗಳೂರಿನಲ್ಲೋ ದುಡಿಯುವವರಿಗೆ ಹನ್ನೊಂದನೆಯ ವಚನಕ್ಕಿಂತ ಏಳನೆಯದು ಹೆಚ್ಚು ಉಪಯೋಗ.

ನಿಯಮಗಳಲ್ಲಿ ಯಾವುದು ನಮಗೆ, ಯಾವುದು ಅಲ್ಲ? ನೈತಿಕ, ಆಚಾರದ, ರಾಜ್ಯದ ಎಂದು ಮೂರು ಪಾಲು ಮಾಡುವ ಹಳೆಯ ಪದ್ಧತಿ ಕೆಲಸಕ್ಕೆ ಬರುತ್ತದೆ, ಆದರೆ ಗ್ರಂಥ ತಾನೇ ಹಾಗೆ ಪಾಲು ಮಾಡಿಕೊಂಡಿಲ್ಲ. ಯಾಜಕಕಾಂಡ 19:18ರಲ್ಲಿ ನೆರೆಯವನ ಪ್ರೀತಿ, ಮುಂದಿನ ವಚನದಲ್ಲೇ ಎರಡು ಬಗೆಯ ನೂಲಿನ ಬಟ್ಟೆ ತೊಡಬೇಡ ಎಂಬ ಮಾತು. ಪ್ರತಿ ನಿಯಮಕ್ಕೂ ಮೂರು ಪ್ರಶ್ನೆ ಹಾಕಿ: ಅಂದಿನವರಲ್ಲಿ ಇದು ಯಾರನ್ನು ಕಾಯುತ್ತಿತ್ತು? ಪ್ರವಾದಿಗಳು ಇದನ್ನು ಹೇಗೆ ಬಳಸಿದರು? ಯೇಸು ಮತ್ತು ಅಪೊಸ್ತಲರು ಇದನ್ನು ಏನು ಮಾಡಿದರು? ಹೊಲದ ಅಂಚನ್ನು ಕೊಯ್ಯದೆ ಬಡವರಿಗೆ ಬಿಡು (19:9) ಎನ್ನುವುದನ್ನು ರೂತಳು 2ನೇ ಅಧ್ಯಾಯದಲ್ಲಿ ನಡೆದದ್ದಾಗಿ ನೋಡಬಹುದು. ಕೂಲಿಯನ್ನು ಬೆಳಗಿನವರೆಗೆ ಹಿಡಿದಿಡಬೇಡ (19:13) ಎನ್ನುವುದು ಯಾಕೋಬ 5:4ರಲ್ಲಿ ಮತ್ತೆ ಗುಡುಗುತ್ತದೆ. ಅಶುದ್ಧ ಆಹಾರದ ನಿಯಮ ಮಾರ್ಕ 7:19ರಲ್ಲಿ ಸಡಿಲವಾಯಿತು. ಅಪೊಸ್ತಲರ ಕೃತ್ಯಗಳು 15ರಲ್ಲಿ ಅನ್ಯಜನರಿಗೆ ಸುನ್ನತಿ ಬೇಡವೆಂದಾಯಿತು, ಆದರೂ ನಾಲ್ಕು ಸಂಗತಿ ಉಳಿಸಿದರು, ಅವನ್ನು ಯಾಜಕಕಾಂಡ 17-18ರ ಜೊತೆ ಹೋಲಿಸಿ ನೋಡಿ.

ಎಲ್ಲದರಲ್ಲೂ ಶಿಲುಬೆ ಕಾಣುವ ಚಟವೂ ಒಂದಿದೆ. ಯೆರಿಕೋವಿನ ರಾಹಾಬಳು ಕಿಟಕಿಗೆ ಕಟ್ಟಿದ ಕೆಂಪು ದಾರವೆಂದರೆ ಕ್ರಿಸ್ತನ ರಕ್ತ, ನೋಹನ ಹಡಗಿನ ಮರವೆಂದರೆ ಶಿಲುಬೆಯ ಮರ. ಹೊಸ ಒಡಂಬಡಿಕೆಯೇ ಗೆರೆ ಎಳೆದು ತೋರಿಸಿದ ಕಡೆ ಧೈರ್ಯವಾಗಿ ಹೋಗಿ, ಉಳಿದೆಡೆ ಮೊದಲು ಆ ಕಥೆ ಅಂದಿನವರಿಗೆ ಏನು ಹೇಳಿತು ಎಂದು ಕೇಳಿ. ಇದು ಇಂದಿಗೂ ಯೆಹೂದ್ಯರ ಜೀವಂತ ಗ್ರಂಥ. ನಮ್ಮ 39 ಪುಸ್ತಕಗಳನ್ನೇ ಅವರು 24 ಎಂದು ಎಣಿಸಿ ಪೂರ್ವಕಾಲವೃತ್ತಾಂತದೊಂದಿಗೆ ಮುಗಿಸುತ್ತಾರೆ. ಕಥೊಲಿಕರಲ್ಲಿ ಹಳೆಯ ಒಡಂಬಡಿಕೆ 46 ಪುಸ್ತಕಗಳದ್ದು.

ಹೊಸದರಲ್ಲಿ ಎತ್ತಿದ ವಚನ ಹಳೆಯದರಲ್ಲಿ ಬೇರೆಯಾಗಿ ಕಂಡರೆ ಗಾಬರಿಯಾಗಬೇಡಿ. ಕೀರ್ತನೆ 40:6ರಲ್ಲಿ ಕಿವಿಯ ಮಾತಿದೆ, ಇಬ್ರಿಯ 10:5ರಲ್ಲಿ ಅದೇ ಜಾಗದಲ್ಲಿ ದೇಹದ ಮಾತು. ಅಪೊಸ್ತಲರು ಹೆಚ್ಚಾಗಿ ಬಳಸಿದ್ದು ಕ್ರಿ.ಪೂ. 3ನೇ ಶತಮಾನದಿಂದ ಆಗುತ್ತ ಬಂದ ಗ್ರೀಕ್ ಅನುವಾದ, ನಮ್ಮ ಹಳೆಯ ಒಡಂಬಡಿಕೆ ಆಗಿರುವುದು ಹೀಬ್ರೂ ಮೂಲದಿಂದ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ನಿಮ್ಮ ಓದು ನಿಲ್ಲುವುದಕ್ಕೆ ಸೋಮಾರಿತನ ಕಾರಣವಲ್ಲ. ವಿಮೋಚನಕಾಂಡ 25-31ರಲ್ಲಿ ಗುಡಾರದ ಅಳತೆಗಳು, 35-40ರಲ್ಲಿ ಹೆಚ್ಚುಕಡಿಮೆ ಅದೇ ಅಳತೆಗಳು ಮತ್ತೆ, ಅದು ಮುಗಿದರೆ ಬಲಿಗಳ ವಿಧಿ. ಮೊದಲ ಸಲಕ್ಕೆ ಹೀಗೆ ಓದಿ: ಆದಿಕಾಂಡ ಪೂರ್ತಿ, ವಿಮೋಚನಕಾಂಡ 1-24, 32-34, 40, ಯಾಜಕಕಾಂಡ 16, 19, 23, 25, ಅರಣ್ಯಕಾಂಡ 11-14, 20-24, ಧರ್ಮೋಪದೇಶಕಾಂಡ 1-11, 14, 15, 24, 28-34. ಒಟ್ಟು 112 ಅಧ್ಯಾಯ, ದಿನಕ್ಕೆ ಎರಡರಂತೆ ಎಂಟು ವಾರ. ಆಮೇಲೆ ಯೆಹೋಶುವ 1-6, 23, 24, ನ್ಯಾಯಸ್ಥಾಪಕರು, ರೂತಳು, 1 ಸಮುವೇಲದಿಂದ 2 ಅರಸುಗಳವರೆಗೆ. ಇದು 135 ಅಧ್ಯಾಯ, ಹತ್ತು ವಾರ ಹಿಡಿಯುತ್ತದೆ.

ಪ್ರವಾದಿಗಳನ್ನು ಸಾಲಾಗಿ ಓದಬೇಡಿ, ಅರಸುಗಳ ಕಥೆಯ ನಡುವೆ ಸೇರಿಸಿ. 2 ಅರಸುಗಳು 14 ಮುಗಿದೊಡನೆ ಆಮೋಸ ಮತ್ತು ಹೋಶೇಯ. 17ರಲ್ಲಿ ಉತ್ತರದ ಇಸ್ರಾಯೇಲ್ ರಾಜ್ಯದ ರಾಜಧಾನಿ ಸಮಾರ್ಯ ಬೀಳುತ್ತದೆ, ಕ್ರಿ.ಪೂ. 722ರ ಸುಮಾರು. 18-20ರ ಜೊತೆ ಯೆಶಾಯ 1-12 ಮತ್ತು 36-39, ಅಲ್ಲಿ ಬರುವ ಕ್ರಿ.ಪೂ. 701ರ ಯೆರೂಸಲೇಮಿನ ಮುತ್ತಿಗೆಯನ್ನು ಅಶ್ಶೂರದ ಅರಸ ಸನ್ಹೇರೀಬನೂ ತನ್ನ ಶಾಸನದಲ್ಲಿ ಬರೆಸಿದ್ದಾನೆ, ಯೆಹೂದದ ಅರಸ ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಕೂಡಿಹಾಕಿದೆ ಎಂದು. ಊರು ಹಿಡಿದೆ ಎಂದು ಮಾತ್ರ ಹೇಳಿಲ್ಲ! 22-25ರ ಜೊತೆ ಯೆರೆಮೀಯ 7, 26-31, 36-39 ಮತ್ತು ಪ್ರಲಾಪಗಳು. ಕ್ರಿ.ಪೂ. 586ರ ಹೊತ್ತಿಗೆ ಯೆರೂಸಲೇಮ್ ಸುಟ್ಟುಹೋದ ಮೇಲೆ ಯೆಹೆಜ್ಕೇಲ 34-37, ಯೆಶಾಯ 40-55. ಈ ನಾಲ್ಕು ಇಸವಿ ಹಾಳೆಯಂಚಿನಲ್ಲಿ ಬರೆದಿಟ್ಟುಕೊಳ್ಳಿ: 722, 701, 586, ಮತ್ತು ಪರ್ಷಿಯದ ಅರಸ ಕೋರೆಷನು ಬಾಬೆಲನ್ನು ಹಿಡಿದ 539. ಮುಕ್ಕಾಲು ಪಾಲು ಗೊಂದಲ ಅಲ್ಲೇ ಕರಗುತ್ತದೆ.

ಕಥೊಲಿಕರಾದರೆ ಇನ್ನೊಂದು ಸುಲಭ ದಾರಿ ಇದೆ. ಭಾನುವಾರದ ಪೂಜೆಯ ಮೊದಲ ವಾಚನ, ಪಾಸ್ಖ (ಈಸ್ಟರ್) ಕಾಲ ಬಿಟ್ಟರೆ, ಹಳೆಯ ಒಡಂಬಡಿಕೆಯದ್ದೇ, ಮತ್ತು ಸಾಮಾನ್ಯವಾಗಿ ಅಂದಿನ ಶುಭಸಂದೇಶಕ್ಕೆ ಹೊಂದುವಂತೆ ಆರಿಸಿದ್ದು. ಶನಿವಾರ ರಾತ್ರಿ ಆ ವಾಚನ ಇರುವ ಅಧ್ಯಾಯವನ್ನು ಪೂರ್ತಿ ಓದಿಕೊಂಡು ಹೋಗಿ.

ಕೀರ್ತನೆಗಳನ್ನು ಮೇಲಿನ ಪಟ್ಟಿಗೆ ಸೇರಿಸದೆ ಬೇರೆಯಾಗಿ ಇಟ್ಟುಕೊಳ್ಳಿ. ತಾರೀಖಿನ ಸಂಖ್ಯೆಗೆ 30 ಕೂಡಿಸುತ್ತ ಹೋದರೆ ದಿನಕ್ಕೆ ಐದು ಬರುತ್ತವೆ: 4ನೇ ತಾರೀಖಿಗೆ 4, 34, 64, 94, 124. ತಿಂಗಳಿಗೆ 150 ಮುಗಿಯುತ್ತವೆ. ಅವುಗಳಲ್ಲಿ ಸುಮಾರು ಮೂರರಲ್ಲೊಂದು ದೇವರ ಮುಂದೆ ಗೋಳಿಡುವಂಥವು, 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ, ದಾಟಿ ಹೋಗಬೇಡಿ. ತೊಂದರೆ ಬರುವುದು 29ನೇ ತಾರೀಖಿಗೆ, ಆ ದಿನ 119 ಬೀಳುತ್ತದೆ, ಅದರಲ್ಲಿ 176 ವಚನಗಳಿವೆ. ಅದನ್ನು 31ಕ್ಕೆ ಎತ್ತಿಡಿ. 31 ಇಲ್ಲದ ತಿಂಗಳಲ್ಲಿ, ಅದು ಹೇಗೂ ಎಂಟೆಂಟು ವಚನಗಳ 22 ಭಾಗಗಳಾಗಿದೆ, 1ನೇ ತಾರೀಖಿನಿಂದ ದಿನಕ್ಕೊಂದು ಭಾಗ ಓದಿಕೊಳ್ಳಿ.